ಕಮ್ಯುನಿಟಿ ಕಾಲೇಜಿನಲ್ಲಿ ಮಾನವಶಾಸ್ತ್ರ: ಹದಿನೆಂಟು ವಿದ್ಯಾರ್ಥಿಗಳ ತರಗತಿಯನ್ನು ಉಳಿಸಿಕೊಳ್ಳುವ ಲೆಕ್ಕ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗ ಪೋಷಕರು ಮತ್ತು ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ನಿಮ್ಮಲ್ಲಿ ಹಲವರ ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ಕೋರ್ಸುಗಳನ್ನು ಮುಗಿಸಿರುತ್ತಾರೆ. ಕೆಲಸ ಬದಲಿಸುವ ಹೊತ್ತಿನಲ್ಲಿ ನಿಮ್ಮಲ್ಲೇ ಕೆಲವರು ಅಲ್ಲಿನ ಸಂಜೆಯ ತರಗತಿಗಳಿಗೆ ಹೋಗಿರುತ್ತೀರಿ. ಮತದಾನದ ಹಕ್ಕಿರುವವರು ಆ ಕಾಲೇಜುಗಳ ಟ್ರಸ್ಟಿಗಳನ್ನು ಆರಿಸುತ್ತೀರಿ, ಮನೆ ಇರುವವರು ಅವುಗಳಿಗೆ ಆಸ್ತಿ ತೆರಿಗೆ ಕಟ್ಟುತ್ತೀರಿ. ಆದರೂ ಅಲ್ಲಿ ಒಂದು ವಿಭಾಗ ಯಾವ ಹಣದಲ್ಲಿ ನಡೆಯುತ್ತದೆ, ಯಾವ ಕಾರಣಕ್ಕೆ ಸೊರಗುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ನಾನು ಬಲ್ಲ ಒಂದು ಸಣ್ಣ ವಿಭಾಗವನ್ನು, ಮಾನವಶಾಸ್ತ್ರವನ್ನು, ಹಿಡಿದುಕೊಂಡು ಅದರ ಒಳಗಿನ ಲೆಕ್ಕವನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ನನ್ನ ವಾದ ಇಷ್ಟೇ: ಇಂಥ ವಿಭಾಗದ ತರಗತಿಗಳನ್ನು ಒಂದೊಂದಾಗಿ ತೂಗಿದರೆ ಅದು ಉಳಿಯುವುದಿಲ್ಲ, ಇಡಿಯಾಗಿ ತೂಗಿದರೆ ಉಳಿಯುತ್ತದೆ, ಮತ್ತು ಹಾಗೆ ಇಡಿಯಾಗಿ ನೋಡುವಂತೆ ಆಡಳಿತವನ್ನು ಒಪ್ಪಿಸುವುದೇ ವಿಭಾಗದ ಯೋಜನೆ ಬರೆಯುವವರ ಮೊದಲ ಕೆಲಸ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಎರಡು ವರ್ಷದ ಕಾಲೇಜುಗಳಲ್ಲಿ ಮೊದಲನೆಯದು ಇಲಿನಾಯ್ಸ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾದ 1960ರ ಮಾಸ್ಟರ್ ಪ್ಲಾನ್ ಉನ್ನತ ಶಿಕ್ಷಣವನ್ನು ಮೂರು ಸ್ತರಗಳಾಗಿ ವಿಂಗಡಿಸಿ, ಬಂದವರೆಲ್ಲರಿಗೂ ಬಾಗಿಲು ತೆರೆದಿಡುವ ಹೊಣೆಯನ್ನು ಈ ಕಾಲೇಜುಗಳಿಗೆ ವಹಿಸಿತು. ಇಂದು ರಾಜ್ಯದಲ್ಲಿ 73 ಕಮ್ಯುನಿಟಿ ಕಾಲೇಜು ಜಿಲ್ಲೆಗಳ ಆಡಳಿತದಲ್ಲಿ 116 ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್ಟಿಗೆ (ಕೋರ್ಸಿನ ಗಾತ್ರವನ್ನು ಅಳೆಯುವ ಮಾನ) 46 ಡಾಲರ್. 2012ರಿಂದ ಅದು ಏರಿಲ್ಲ.

ಇಂಥ ಕಾಲೇಜಿನಲ್ಲಿ ಮಾನವಶಾಸ್ತ್ರ ಎಂದರೆ ಮುಖ್ಯವಾಗಿ ಮೂರು ಕೋರ್ಸು. ಮನುಷ್ಯನ ವಿಕಾಸ, ತಳಿಗುಣ ಮತ್ತು ಪ್ರೈಮೇಟ್ ಪ್ರಾಣಿಗಳನ್ನು ಕುರಿತ ಜೈವಿಕ ಮಾನವಶಾಸ್ತ್ರ ಒಂದು, ಸಾಂಸ್ಕೃತಿಕ ಮಾನವಶಾಸ್ತ್ರ ಇನ್ನೊಂದು, ಪುರಾತತ್ತ್ವದ ಪ್ರವೇಶ ಪಾಠ ಮತ್ತೊಂದು. 2010ರ ಎಸ್‌ಬಿ 1440 ಕಾನೂನಿನಂತೆ ಬಂದ, ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ದಾಟಿಸುವ ವರ್ಗಾವಣೆ ಪದವಿಯ, ಅಂದರೆ ಎಎ-ಟಿಯ, ತಿರುಳು ಈ ಮೂರೇ. 60 ಯೂನಿಟ್ ಮುಗಿಸಿ ಈ ಪದವಿ ಪಡೆದ ವಿದ್ಯಾರ್ಥಿಗೆ ಕ್ಯಾಲ್ ಸ್ಟೇಟ್ ವಿಶ್ವವಿದ್ಯಾಲಯ ವ್ಯವಸ್ಥೆಯ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಸ್ಥಾನ ಖಾತ್ರಿ. ಇವುಗಳ ಜೊತೆಗೆ ಜೈವಿಕ ಮಾನವಶಾಸ್ತ್ರಕ್ಕೆ ಒಂದು ಯೂನಿಟ್ಟಿನ ಪ್ರಯೋಗಾಲಯ ಇರುತ್ತದೆ. ಅನುಕೂಲವಿರುವ ಕಡೆ ಭಾಷಾ ಮಾನವಶಾಸ್ತ್ರವೂ, ಅಪರಾಧ ತನಿಖೆಗೆ ಸಂಬಂಧಿಸಿದ ಅಸ್ಥಿ ಅಧ್ಯಯನವೂ ಇರುತ್ತವೆ.

ಈ ತರಗತಿಗಳಿಗೆ ಬರುವವರು ಯಾರು ಎಂಬ ಪ್ರಶ್ನೆಯ ಮೇಲೆ ಉಳಿದೆಲ್ಲವೂ ನಿಂತಿದೆ. ಮಾನವಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದಬೇಕೆಂದು ಬರುವವರು ಬೆರಳೆಣಿಕೆಯಷ್ಟು ಮಂದಿ. ಬಹುಪಾಲು ವಿದ್ಯಾರ್ಥಿಗಳು ನರ್ಸಿಂಗ್, ಬಿಸಿನೆಸ್, ಕಂಪ್ಯೂಟರ್ ಎಂದು ಬೇರೆ ಬೇರೆ ಕಡೆಗೆ ಹೊರಟವರು. ಮುಖ್ಯ ವಿಷಯ ಯಾವುದಾದರೂ ಎಲ್ಲರೂ ಓದಬೇಕಾದ ಸಾಮಾನ್ಯ ಶಿಕ್ಷಣದ ಅಗತ್ಯವೊಂದನ್ನು ಪೂರೈಸಲು ನಮ್ಮ ಕೋಣೆಗೆ ಬರುತ್ತಾರೆ. ಜೈವಿಕ ಮಾನವಶಾಸ್ತ್ರ ಇಲ್ಲಿ ಜೀವವಿಜ್ಞಾನದ ಕೋರ್ಸಾಗಿ ಲೆಕ್ಕಕ್ಕೆ ಬರುತ್ತದೆ, ಅದರ ಪ್ರಯೋಗಾಲಯ ವಿಜ್ಞಾನ ಪ್ರಯೋಗಾಲಯದ ಅಗತ್ಯವನ್ನು ತೀರಿಸುತ್ತದೆ. ವಿಜ್ಞಾನವೆಂದರೆ ಹೈಸ್ಕೂಲಿನಿಂದಲೂ ಅಂಜಿಕೊಂಡು ಬಂದ ಹುಡುಗಿಯೊಬ್ಬಳು ತಲೆಬುರುಡೆಯೊಂದನ್ನು ಕೈಯಲ್ಲಿ ಹಿಡಿದು, ಬೆನ್ನುಹುರಿ ಹೊರಬರುವ ರಂಧ್ರ ಬುರುಡೆಯ ತಳದಲ್ಲಿ ಎಲ್ಲಿದೆ ಎಂಬುದನ್ನು ನೋಡಿ, ಈ ಪ್ರಾಣಿ ಎರಡು ಕಾಲಿನ ಮೇಲೆ ನಡೆಯುತ್ತಿತ್ತೇ ಇಲ್ಲವೇ ಎಂದು ತಾನೇ ತೀರ್ಮಾನಿಸುವ ಅವಕಾಶ ಇದೊಂದೇ ಕೋರ್ಸಿನಲ್ಲಿ ಸಿಗಬಹುದು. ಅವಳು ಮುಂದೆ ಇನ್ನೊಂದು ಮಾನವಶಾಸ್ತ್ರದ ಕೋರ್ಸನ್ನು ಎಂದೂ ತೆಗೆದುಕೊಳ್ಳದಿರಬಹುದು. ಯೋಜನೆ ಮೊದಲು ಅವಳಿಗಾಗಿ ಇರಬೇಕು ಎಂದು ನಾನು ನಂಬುತ್ತೇನೆ. ಪದವಿ ಪಡೆಯಲೆಂದೇ ಬಂದ ಬೆರಳೆಣಿಕೆಯವರ ಯೋಗಕ್ಷೇಮವೂ ಅವಳಂಥವರ ಸಂಖ್ಯೆಯನ್ನೇ ಅವಲಂಬಿಸಿದೆ. ಹೇಗೆಂದು ಈಗ ಲೆಕ್ಕ ಮಾಡೋಣ.

ಆಡಳಿತದವರು ಒಂದು ತರಗತಿಯನ್ನು ಅಳೆಯುವ ಮಾನ ಹೀಗಿದೆ. ವಿದ್ಯಾರ್ಥಿಗಳ ಸಂಖ್ಯೆಯನ್ನು ವಾರದ ಪಾಠದ ಗಂಟೆಗಳಿಂದ ಗುಣಿಸಿ, ಬಂದ ಮೊತ್ತವನ್ನು ಅದಕ್ಕೆ ತಗಲುವ ಅಧ್ಯಾಪಕರ ಕೆಲಸದ ಪಾಲಿನಿಂದ ಭಾಗಿಸುತ್ತಾರೆ. ಪೂರ್ಣಾವಧಿ ಅಧ್ಯಾಪಕರ ಕೆಲಸ ಸೆಮಿಸ್ಟರಿಗೆ 15 ಯೂನಿಟ್, ಅಂದರೆ ಮೂರು ಯೂನಿಟ್ಟಿನ ಐದು ತರಗತಿ. ಆದ್ದರಿಂದ ಒಂದು ತರಗತಿ ಅವರ ಕೆಲಸದ 0.2 ಪಾಲು. 35 ವಿದ್ಯಾರ್ಥಿಗಳು ವಾರಕ್ಕೆ ಮೂರು ಗಂಟೆ ಕುಳಿತರೆ 105. ಅದನ್ನು 0.2ರಿಂದ ಭಾಗಿಸಿದರೆ 525. ಈ 525 ಎಂಬುದೇ ಬಹುಕಾಲದಿಂದ ಕಾಲೇಜುಗಳು ಇಟ್ಟುಕೊಂಡು ಬಂದ ಗುರಿ. ಇದೇ ಅಂಕಿ ಇನ್ನೊಂದು ಕಡೆಯೂ ಬರುತ್ತದೆ: ವಾರಕ್ಕೆ 15 ಗಂಟೆಯಂತೆ ವರ್ಷಕ್ಕೆ 35 ವಾರ ಕಲಿತ ಒಬ್ಬ ಪೂರ್ಣಾವಧಿ ವಿದ್ಯಾರ್ಥಿಯ ಒಟ್ಟು ಗಂಟೆಗಳೂ 525. ರಾಜ್ಯದ ಅನುದಾನದ ದೊಡ್ಡ ಭಾಗ ಆ ಎರಡನೆಯ ಲೆಕ್ಕದ ಮೇಲೆ ಬರುತ್ತದೆ. ಎರಡೂ ಬೇರೆ ಬೇರೆ ಸಂಗತಿಗಳು, ಸಭೆಗಳಲ್ಲಿ ಬೆರೆತುಹೋಗುವುದುಂಟು. ಆದ್ದರಿಂದ ಕೇಳುವಾಗ ಯಾವುದರ ಬಗ್ಗೆ ಮಾತು ನಡೆದಿದೆ ಎಂದು ಗಮನಿಸಿ.

ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಅಲ್ಲಿ ಒಂದು ಸೆಮಿಸ್ಟರಿನಲ್ಲಿ ಜೈವಿಕ ಮಾನವಶಾಸ್ತ್ರದ ನಾಲ್ಕು ತರಗತಿಗಳಿವೆ, ಒಂದೊಂದರಲ್ಲಿ 45 ಜನ. ಸಾಂಸ್ಕೃತಿಕ ಮಾನವಶಾಸ್ತ್ರದ ಎರಡು ತರಗತಿಗಳಲ್ಲಿ ತಲಾ 40 ಜನ. ಪ್ರಯೋಗಾಲಯದ ಎರಡು ತಂಡಗಳಲ್ಲಿ ತಲಾ 24 ಜನ. ಮೇಜುಗಳೇ ಅಷ್ಟು, ಹೆಚ್ಚು ಕೂರಿಸಲಾಗದು. ಪುರಾತತ್ತ್ವದ ಒಂದು ತರಗತಿಯಲ್ಲಿ 18 ಜನ. ಒಂದೊಂದಾಗಿ ತೂಗಿದರೆ ಜೈವಿಕದ್ದು 675, ಸಾಂಸ್ಕೃತಿಕದ್ದು 600, ಪ್ರಯೋಗಾಲಯದ ಮೂರು ಗಂಟೆಗೂ 0.2 ಪಾಲನ್ನೇ ಕೊಡುವ ಕಡೆ ಅದು 360, ಪುರಾತತ್ತ್ವ ಬರೀ 270. ವಿದ್ಯಾರ್ಥಿಗಳ ಕನಿಷ್ಠ ಮಿತಿ 20 ಎಂದಿರುವ ಕಾಲೇಜಿನಲ್ಲಿ ಸೆಮಿಸ್ಟರ್ ಶುರುವಾಗುವ ಮೊದಲೇ ಪುರಾತತ್ತ್ವ ರದ್ದಾಗುತ್ತದೆ. ಈಗ ಒಟ್ಟುಗೂಡಿಸಿ. ನಾಲ್ಕು ತರಗತಿಗಳಿಂದ 540, ಎರಡರಿಂದ 240, ಪ್ರಯೋಗಾಲಯದಿಂದ 144, ಪುರಾತತ್ತ್ವದಿಂದ 54. ಎಲ್ಲ ಸೇರಿ 978. ಒಂಬತ್ತು ತರಗತಿಗೆ ಅಧ್ಯಾಪಕರ ಪಾಲು 1.8. ಭಾಗಿಸಿದರೆ 543. ಅಂದರೆ 18 ಜನರ ತರಗತಿಯನ್ನು ಉಳಿಸಿಕೊಂಡೂ ವಿಭಾಗ ಗುರಿಯನ್ನು ದಾಟಿದೆ.

ಈ ಒಂದು ಪುಟದ ಲೆಕ್ಕವನ್ನು ವಿಭಾಗದ ಯೋಜನೆಯ ಮೊದಲ ಪುಟದಲ್ಲೇ ಇಡಬೇಕೆಂಬುದು ನನ್ನ ಸಲಹೆ. ಪುರಾತತ್ತ್ವ ರದ್ದಾದರೆ ಕಳೆದುಹೋಗುವುದು ಒಂದು ತರಗತಿಯಷ್ಟೇ ಅಲ್ಲ. ಎರಡು ವರ್ಷದ ಪದವಿಯ ತಿರುಳಿನಲ್ಲಿ ಮೂರನೆಯ ಒಂದು ಭಾಗ ಹೋಗುತ್ತದೆ. ಆ ಸೆಮಿಸ್ಟರಿನಲ್ಲಿ ಅದು ಸಿಗದೆ ಮುಂದಿನ ವರ್ಷದವರೆಗೆ ಕಾಯಬೇಕಾದ ವಿದ್ಯಾರ್ಥಿಯ ವರ್ಗಾವಣೆಯೇ ತಡವಾಗುತ್ತದೆ. 2018-19ರಿಂದ ಜಾರಿಯಲ್ಲಿರುವ ಅನುದಾನ ಸೂತ್ರದಲ್ಲಿ ಸುಮಾರು ಶೇ. 70 ಭಾಗ ವಿದ್ಯಾರ್ಥಿಗಳ ಸಂಖ್ಯೆಗೆ, ಶೇ. 20 ಭಾಗ ಕಡಿಮೆ ಆದಾಯದ ವಿದ್ಯಾರ್ಥಿಗಳ ಸಂಖ್ಯೆಗೆ, ಶೇ. 10 ಭಾಗ ಫಲಿತಾಂಶಕ್ಕೆ ಮೀಸಲು. ಆ ಫಲಿತಾಂಶಗಳಲ್ಲಿ ಎಎ-ಟಿ ಪದವಿಗೆ ಸಾಮಾನ್ಯ ಎಎ ಪದವಿಗಿಂತ ಹೆಚ್ಚಿನ ಅಂಕವಿದೆ. ತರಗತಿಯನ್ನು ರದ್ದು ಮಾಡಿ ಉಳಿಸಿದ ಸಂಬಳವನ್ನು ಲೆಕ್ಕ ಹಾಕುವವರು ಈ ಭಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಮಾತು ಇಲ್ಲಿ ಸೇರಿಸಬೇಕು: ನಿಮ್ಮಲ್ಲಿ ಸಾಂಟಾ ಕ್ಲಾರಾ, ಸಾರಟೋಗಾ ಕಡೆಯವರ ವೆಸ್ಟ್ ವ್ಯಾಲಿ-ಮಿಷನ್ ಜಿಲ್ಲೆ, ಆಚೆ ಸ್ಯಾನ್ ಮಟೇಯೊ ಜಿಲ್ಲೆ, ಇವು ಸ್ಥಳೀಯ ಆಸ್ತಿ ತೆರಿಗೆಯಿಂದಲೇ ನಡೆಯುವಷ್ಟು ಆದಾಯವುಳ್ಳವು, ರಾಜ್ಯದ ಸೂತ್ರ ಅವುಗಳಿಗೆ ಅಷ್ಟು ಬಿಗಿಯಾಗಿ ತಾಗುವುದಿಲ್ಲ. ಅಂಥ ಜಿಲ್ಲೆಗಳಲ್ಲಿ ಸಣ್ಣ ತರಗತಿಯ ಪರವಾಗಿ ವಾದಿಸುವುದು ಸುಲಭವಾಗಬೇಕು, ಮತ್ತು ನೀವು ಅಲ್ಲಿ ಅದನ್ನು ಕೇಳಬಹುದು.

ಆದರೆ ಆಡಳಿತವನ್ನು ಕೇಳುವ ಮೊದಲು ವಿಭಾಗ ತನ್ನ ಪಾಲಿನ ಶಿಸ್ತನ್ನು ತೋರಿಸಬೇಕು. ಪುರಾತತ್ತ್ವವನ್ನು ಪ್ರತಿ ಸೆಮಿಸ್ಟರಿನಲ್ಲೂ ಇಟ್ಟು ಒಂಬತ್ತು ಒಂಬತ್ತು ಜನರಂತೆ ಹಂಚುವ ಬದಲು, ವರ್ಷಕ್ಕೊಮ್ಮೆ, ಅದೇ ಸೆಮಿಸ್ಟರಿನಲ್ಲಿ, ಅದೇ ವೇಳೆಯಲ್ಲಿ ಇಡಬೇಕು. ಎರಡು ವರ್ಷದ ತರಗತಿ ಸರದಿಯನ್ನು ಮುಂಚೆಯೇ ಪ್ರಕಟಿಸಿ ಕೌನ್ಸೆಲರುಗಳ ಕೈಗೆ ಕೊಡಬೇಕು. ವಿದ್ಯಾರ್ಥಿಯ ಕೋರ್ಸು ಯೋಜನೆಯನ್ನು ಬರೆಯುವವರು ಕೌನ್ಸೆಲರುಗಳು. ಅವರಿಗೆ ಗೊತ್ತಿಲ್ಲದ ತರಗತಿ ತುಂಬುವುದಿಲ್ಲ.

2025ರ ಫಾಲ್‌ನಿಂದ, ಅಂದರೆ ಆಗಸ್ಟಿನಲ್ಲಿ ಶುರುವಾಗುವ ಸೆಮಿಸ್ಟರಿನಿಂದ, ಬಂದಿರುವ ಕ್ಯಾಲ್-ಗೆಟ್‌ಸಿ ಎಂಬ ಹೊಸ ಸಾಮಾನ್ಯ ಶಿಕ್ಷಣ ಮಾದರಿಯನ್ನೂ ಈ ಸರದಿಯಲ್ಲಿ ಗಮನಿಸಬೇಕು. ಹಿಂದೆ ಸಮಾಜ ವಿಜ್ಞಾನಗಳಿಂದ ಮೂರು ಕೋರ್ಸು ಬೇಕಿತ್ತು, ಈಗ ಎರಡು. ಎಥ್ನಿಕ್ ಸ್ಟಡೀಸ್‌ಗೆ, ಅಂದರೆ ಅಮೆರಿಕದ ಅಲ್ಪಸಂಖ್ಯಾತ ಜನಾಂಗಗಳ ಅಧ್ಯಯನಕ್ಕೆ, ಪ್ರತ್ಯೇಕ ಸ್ಥಾನ ಸಿಕ್ಕಿದೆ. ಎಥ್ನಿಕ್ ಸ್ಟಡೀಸ್‌ಗೆ ಸ್ಥಾನ ಸಿಕ್ಕಿದ್ದು ನ್ಯಾಯವಾದದ್ದು. ಅದೇ ಹೊತ್ತಿಗೆ ಸಾಂಸ್ಕೃತಿಕ ಮಾನವಶಾಸ್ತ್ರಕ್ಕೆ ಬರುವವರು ಕಡಿಮೆಯಾಗಬಹುದೆಂಬುದನ್ನು ಅರಿತು ತರಗತಿಗಳ ಸಂಖ್ಯೆಯನ್ನು ನಿರ್ಧರಿಸುವುದು ನಮ್ಮ ಹೊಣೆ.

ಸಾಂಸ್ಕೃತಿಕ ಮಾನವಶಾಸ್ತ್ರದ ಹೆಸರು ಬಂದಾಗ ನಮ್ಮವರೇ ಆದ ಎಂ.ಎನ್. ಶ್ರೀನಿವಾಸರನ್ನು ನೆನೆಯದೆ ಮುಂದೆ ಹೋಗಲಾರೆ. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಅವರು ರಾಂಪುರ ಎಂದು ಕರೆದ ಮೈಸೂರು ಸೀಮೆಯ ಹಳ್ಳಿಯ ಬಗ್ಗೆ ಬರೆಯಲೆಂದು 1970ರಲ್ಲಿ ಇಲ್ಲೇ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರಕ್ಕೆ ಬಂದಿದ್ದರು. ಆ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ವರ್ಷಗಳ ಕಾಲ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆದರು, ಪುಸ್ತಕ 1976ರಲ್ಲಿ ಹೊರಬಂತು. ಹೇವರ್ಡ್‌ನ, ಫ್ರಿಮಾಂಟ್‌ನ ವಿದ್ಯಾರ್ಥಿಗಳಿಗೆ ಆ ಹಳ್ಳಿಯ ಒಂದು ಅಧ್ಯಾಯವನ್ನು ಓದಿಸಿದರೆ, ಅವರು ತಮ್ಮ ಅಜ್ಜಿಯ ಮೆಕ್ಸಿಕೊದ ಊರಿನ ಬಗ್ಗೆ, ಫಿಲಿಪೀನ್ಸಿನ ಊರಿನ ಬಗ್ಗೆ ಕೇಳತೊಡಗುತ್ತಾರೆ. ಈ ಕೋರ್ಸಿಗೆ ಉಪಕರಣ ಬೇಕಿಲ್ಲ, ಸಮಯ ಬೇಕು. ಒಬ್ಬರನ್ನು ಸಂದರ್ಶಿಸಿ, ಅವರ ಒಪ್ಪಿಗೆ ಪಡೆದು, ಟಿಪ್ಪಣಿ ಮಾಡಿ, ತಿದ್ದಿ ಬರೆಯುವ ಅಭ್ಯಾಸವನ್ನು 40 ಜನರಿಗೆ ಮಾಡಿಸುವ ಅಧ್ಯಾಪಕರ ಗಂಟೆಗಳನ್ನು ಯಾವ ಕೋಷ್ಟಕವೂ ಎಣಿಸುವುದಿಲ್ಲವಾದ್ದರಿಂದ ಯೋಜನೆಯಲ್ಲಿ ಅದನ್ನು ಮಾತಿನಲ್ಲೇ ಬರೆದು ತೋರಿಸಬೇಕು.

ಹಾಗಾದರೆ ಪಾಠ ಮಾಡುವವರು ಯಾರು? ನಮ್ಮ ಊಹೆಯ ಕಾಲೇಜಿಗೆ ಬೇಕಾದದ್ದು 1.8 ಪಾಲು. ಒಬ್ಬರು ಪೂರ್ಣಾವಧಿಯವರಿದ್ದರೆ ಉಳಿಯುವುದು 0.8, ನಾಲ್ಕು ತರಗತಿ. ಅರೆಕಾಲಿಕ ಅಧ್ಯಾಪಕರಿಗೆ ಒಂದು ಜಿಲ್ಲೆಯಲ್ಲಿ ಪೂರ್ಣ ಕೆಲಸದ ಶೇ. 67ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಾಜ್ಯದ ಕಾನೂನು. ಅಂದರೆ ಒಬ್ಬರಿಗೆ ಮೂರು ತರಗತಿ. ನಾಲ್ಕನೆಯದಕ್ಕೆ ಇನ್ನೊಬ್ಬರು ಬೇಕು. ಹೀಗೆ ಇಬ್ಬರು ಅರೆಕಾಲಿಕರು ಮೂರು ಜಿಲ್ಲೆಗಳ ನಡುವೆ ಹೆದ್ದಾರಿಯಲ್ಲಿ ಓಡಾಡುತ್ತಾ, ಸ್ವಂತದ ಕೋಣೆಯಿಲ್ಲದೆ, ಮುಂದಿನ ಸೆಮಿಸ್ಟರಿನ ಭರವಸೆಯಿಲ್ಲದೆ ಪಾಠ ಮಾಡುತ್ತಾರೆ. ಕರ್ನಾಟಕದ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. 1988ರ ಎಬಿ 1725 ಕಾನೂನು ಪಾಠದ ಗಂಟೆಗಳಲ್ಲಿ ಶೇ. 75 ಭಾಗವನ್ನು ಪೂರ್ಣಾವಧಿಯವರೇ ತೆಗೆದುಕೊಳ್ಳಬೇಕೆಂಬ ಗುರಿಯನ್ನು ಇಟ್ಟಿತು. ರಾಜ್ಯ ಇನ್ನೂ ಅದರಿಂದ ದೂರವಿದೆ. ಯೋಜನೆಯಲ್ಲಿ ಅರೆಕಾಲಿಕರಿಗೆ ಪಾಠದ ಹೊರಗಿನ ಕೆಲಸಕ್ಕೆ, ಅಂದರೆ ಪ್ರಯೋಗಾಲಯದ ಕೈಪಿಡಿ ತಿದ್ದುವುದಕ್ಕೆ, ಪಠ್ಯಕ್ರಮದ ಸಭೆಗೆ ಬರುವುದಕ್ಕೆ ಸಂಭಾವನೆಯನ್ನು ಕೇಳದ ವಿಭಾಗ ತನ್ನದೇ ಅರ್ಧ ಬಲವನ್ನು ಬಿಟ್ಟುಕೊಟ್ಟಂತೆ.

ಇನ್ನು ಪ್ರಯೋಗಾಲಯ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ಏಕೆಂದರೆ ಹಣ ಬೇಕಾದದ್ದೂ ಇಲ್ಲಿಯೇ, ನಮ್ಮ ದೇಶದ ಕತೆಯೊಂದು ಬಂದು ಸೇರುವುದೂ ಇಲ್ಲಿಯೇ. ಹೊಸದಾಗಿ ಆರಂಭಿಸುವವರಿಗೆ ಬೇಕಾದದ್ದು ಬಿಡಿಬಿಡಿಯಾದ ಮಾನವ ಅಸ್ಥಿಪಂಜರದ ಕೆಲವು ಪ್ರತಿಕೃತಿಗಳು, ಗಂಡು ಹೆಣ್ಣಿನ ಸೊಂಟದ ಮೂಳೆಗಳು, ಲೀಮರ್‌ನಿಂದ ಗೊರಿಲ್ಲದವರೆಗಿನ ಬುರುಡೆಗಳು, ಮತ್ತು ಪಳೆಯುಳಿಕೆಗಳ ಒಂದು ಸಾಲು: 1924ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸಿಕ್ಕ ಟೌಂಗ್ ಮಗು, 1974ರಲ್ಲಿ ಇಥಿಯೋಪಿಯದಲ್ಲಿ ಸಿಕ್ಕ ಲೂಸಿ, 1984ರಲ್ಲಿ ಕೆನ್ಯದಲ್ಲಿ ಸಿಕ್ಕ ತುರ್ಕಾನಾ ಬಾಲಕ, ಒಂದು ನಿಯಾಂಡರ್ತಲ್ ಬುರುಡೆ. ಒಳ್ಳೆಯ ಪ್ರತಿಕೃತಿಯೊಂದಕ್ಕೆ ನೂರಾರು ಡಾಲರ್ ಆಗುತ್ತದೆ. 24 ಜನರ ಕೋಣೆಯಲ್ಲಿ ಒಂದೇ ಲೂಸಿ ಇದ್ದರೆ ನಾಲ್ವರು ನೋಡುತ್ತಾರೆ, ಇಪ್ಪತ್ತು ಜನ ಕಾಯುತ್ತಾರೆ. ಆದ್ದರಿಂದ ಹತ್ತು ಬಗೆಯ ಒಂದೊಂದನ್ನು ಕೊಳ್ಳುವುದಕ್ಕಿಂತ ಐದು ಬಗೆಯ ನಾಲ್ಕು ನಾಲ್ಕನ್ನು ಕೊಳ್ಳುವುದು ಮೇಲು. 2015ರಲ್ಲಿ ಹೋಮೊ ನಲೇಡಿ ಎಂಬ ಹೊಸ ಪ್ರಭೇದವನ್ನು ಪ್ರಕಟಿಸಿದ ತಂಡ ಮೂಳೆಗಳ ತ್ರಿ-ಆಯಾಮದ ಸ್ಕ್ಯಾನುಗಳನ್ನು ಮಾರ್ಫೋಸೋರ್ಸ್ ಎಂಬ ಜಾಲ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಕಾಲೇಜಿನ ಗ್ರಂಥಾಲಯದಲ್ಲೋ ಎಂಜಿನಿಯರಿಂಗ್ ವಿಭಾಗದಲ್ಲೋ ತ್ರಿ-ಆಯಾಮದ ಪ್ರಿಂಟರ್ ಇದ್ದರೆ ಅವನ್ನು ಅಲ್ಲೇ ಮುದ್ರಿಸಿಕೊಳ್ಳಬಹುದು. ಜೊತೆಗೆ ಬೀಗವಿರುವ ಕಪಾಟು, ಒಳ್ಳೆಯ ಬೆಳಕು, ಸಾಮಾನುಗಳನ್ನು ಎಣಿಸಿ ಎತ್ತಿಡಲು ಜೀವಶಾಸ್ತ್ರ ವಿಭಾಗದೊಂದಿಗೆ ಹಂಚಿಕೊಂಡಾದರೂ ಒಬ್ಬ ಲ್ಯಾಬ್ ಟೆಕ್ನಿಷಿಯನ್, ಇವನ್ನು ಮರೆತು ಮೂಳೆಗಳನ್ನಷ್ಟೇ ಪಟ್ಟಿ ಮಾಡಿದ ಕೋರಿಕೆ ಅರ್ಧ ಕೋರಿಕೆ.

ನಿಜವಾದ ಮಾನವ ಅಸ್ಥಿಗಳು ಬೇಡವೇ ಎಂದು ಕೇಳುವವರಿದ್ದಾರೆ. ಹಳೆಯ ಕಾಲೇಜುಗಳ ಕಪಾಟುಗಳಲ್ಲಿ ಅವು ಇವೆ, ಮತ್ತು ಅವುಗಳಲ್ಲಿ ಅನೇಕವು ಭಾರತದಿಂದ ಬಂದವು. 1985ರಲ್ಲಿ ಭಾರತ ಸರ್ಕಾರ ಮಾನವ ಅಸ್ಥಿಗಳ ರಫ್ತನ್ನು ನಿಷೇಧಿಸುವವರೆಗೆ, ದಶಕಗಳ ಕಾಲ, ಪಶ್ಚಿಮದ ವೈದ್ಯಕೀಯ ಶಾಲೆಗಳಿಗೂ ಕಾಲೇಜುಗಳಿಗೂ ಅಸ್ಥಿಪಂಜರಗಳನ್ನು ಪೂರೈಸಿದ ಮುಖ್ಯ ಕೇಂದ್ರ ಕೋಲ್ಕತ್ತ. ಅವು ಬಡವರ ದೇಹಗಳು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ, ಹೆಸರನ್ನೂ ಬರೆದಿಡಲಿಲ್ಲ. ಈ ನೆಲದ ಮೂಲನಿವಾಸಿಗಳ ಪೂರ್ವಜರ ಅವಶೇಷಗಳಿಗೆ 1990ರ ಒಕ್ಕೂಟ ಕಾನೂನು ನ್ಯಾಗ್‌ಪ್ರಾ, ಆಮೇಲೆ 2001ರ ಕ್ಯಾಲಿಫೋರ್ನಿಯಾದ ಕಾನೂನು ರಕ್ಷಣೆ ಕೊಟ್ಟಿವೆ. 2024ರ ಜನವರಿಯಿಂದ ಜಾರಿಗೆ ಬಂದ ಹೊಸ ನಿಯಮಗಳಂತೆ ಸಂಬಂಧಪಟ್ಟ ಬುಡಕಟ್ಟಿನ ಒಪ್ಪಿಗೆಯಿಲ್ಲದೆ ಅವುಗಳ ಪ್ರದರ್ಶನವಾಗಲಿ ಸಂಶೋಧನೆಯಾಗಲಿ ಸಲ್ಲದು. ಕಮ್ಯುನಿಟಿ ಕಾಲೇಜುಗಳೂ ಒಕ್ಕೂಟದ ಹಣ ಪಡೆಯುವುದರಿಂದ ಈ ಹೊಣೆಯೊಳಗೇ ಬರುತ್ತವೆ. ಕಪಾಟಿನಲ್ಲಿರುವುದೆಲ್ಲವನ್ನೂ ಪಟ್ಟಿ ಮಾಡುವುದು, ಮೂಲ ಪತ್ತೆಹಚ್ಚುವುದು, ಬುಡಕಟ್ಟುಗಳೊಂದಿಗೆ ಸಮಾಲೋಚಿಸುವುದು, ಇವೆಲ್ಲ ಯಾರದೋ ಬಿಡುವಿನ ವೇಳೆಯಲ್ಲಿ ಆಗುವ ಕೆಲಸಗಳಲ್ಲ; ಇದಕ್ಕೆ ಹಣವನ್ನೂ ಗಂಟೆಗಳನ್ನೂ ಯೋಜನೆಯಲ್ಲಿ ಕಾಣಿಸಬೇಕು. ಫ್ರಿಮಾಂಟ್‌ನಲ್ಲಿ ಈ ಪ್ರದೇಶದ ಮೂಲ ಜನಾಂಗದ ಹೆಸರನ್ನೇ ಹೊತ್ತ ಓಲೋನಿ ಕಾಲೇಜು ಇದೆ, ನಿಮಗೆಲ್ಲ ಗೊತ್ತು. ಆ ಜನರ ವಂಶಜರು ಇಲ್ಲೇ ನಮ್ಮ ನೆರೆಹೊರೆಯಲ್ಲಿದ್ದಾರೆ.

ಆದರೆ ಕೋಲ್ಕತ್ತದಿಂದ ಬಂದ ಅಸ್ಥಿಗಳ ಪರವಾಗಿ ಕೇಳುವ ಬುಡಕಟ್ಟು ಇಲ್ಲಿಲ್ಲ, ಕಾನೂನೂ ಇಲ್ಲ. ಅದಕ್ಕೇ ನಾವು ಕೇಳಬೇಕೆಂದು ನನಗನಿಸುತ್ತದೆ. ಮೊದಲ ವರ್ಷದ ಕೋರ್ಸಿನಲ್ಲಿ ಕಲಿಸಬೇಕಾದ ಲಕ್ಷಣಗಳೆಲ್ಲವೂ ಒಳ್ಳೆಯ ಪ್ರತಿಕೃತಿಯಲ್ಲಿ ಕಾಣುತ್ತವೆ; ಮೂಳೆಯ ತೂಕ, ಒಳರಚನೆ ಮುಂತಾದವು ಮುಂದಿನ ಹಂತದ ಪಾಠಕ್ಕೆ ಸೇರಿದವು. ಈ ಹಂತದಲ್ಲಿ ನಿಜವಾದ ಅಸ್ಥಿಗಳನ್ನು ಹೊಸದಾಗಿ ಕೊಳ್ಳಬಾರದು, ಇರುವವನ್ನು ಗೌರವದಿಂದ ಪ್ರತ್ಯೇಕವಾಗಿ ಇಡಬೇಕು, ಅವು ಎಲ್ಲಿಂದ ಬಂದವೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಬೇಕು.

ಹಣ ಎಲ್ಲಿಂದ ಬರುತ್ತದೆ? ಇಲ್ಲಿ ಒಂದೊಂದು ಹಣಕ್ಕೂ ಒಂದೊಂದು ಕಟ್ಟುಪಾಡು. ಪ್ರಾಪ್ 39 ಎಂಬ ಮತದಾರರ ಪ್ರಸ್ತಾವದಂತೆ ನೀವು ಶೇ. 55 ಮತದಿಂದ ಒಪ್ಪುವ ಬಾಂಡಿನ, ಅಂದರೆ ಸಾಲಪತ್ರದ, ಹಣದಿಂದ ಪ್ರಯೋಗಾಲಯ ಕಟ್ಟಬಹುದು, ಅದಕ್ಕೆ ಮೇಜು ಕಪಾಟು ಕೂಡಿಸಬಹುದು. ಅಧ್ಯಾಪಕರ ಸಂಬಳ ಕೊಡುವಂತಿಲ್ಲ. ಹೊಸ ಕಟ್ಟಡದಲ್ಲಿ ಪಾಠ ಮಾಡಲು ಜನರಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಇದೇ. 2000ದ ಪ್ರಾಪ್ 20ರಂತೆ ಲಾಟರಿ ಆದಾಯದ ಒಂದು ಭಾಗ ಬೋಧನಾ ಸಾಮಗ್ರಿಗೆಂದೇ ಮೀಸಲು. ಸಣ್ಣ ವಿಭಾಗಗಳು ವರ್ಷ ವರ್ಷವೂ ಕೇಳಬೇಕಾದದ್ದು ಅದನ್ನು. 2016ರಲ್ಲಿ ಆರಂಭವಾದ ಸ್ಟ್ರಾಂಗ್ ವರ್ಕ್‌ಫೋರ್ಸ್ ನಿಧಿ ಉದ್ಯೋಗ ತರಬೇತಿಯ ಕೋರ್ಸುಗಳಿಗೆ ಮಾತ್ರ. ಮಾನವಶಾಸ್ತ್ರಕ್ಕೂ ಅಲ್ಲೊಂದು ಬಾಗಿಲಿದೆ: 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾನೂನು ಮತ್ತು 1970ರ ಕ್ಯಾಲಿಫೋರ್ನಿಯಾ ಪರಿಸರ ಕಾನೂನಿನ ಕಾರಣದಿಂದ ರಸ್ತೆ, ಕಟ್ಟಡಗಳ ಕಾಮಗಾರಿಗೆ ಮುನ್ನ ಪುರಾತತ್ತ್ವ ಸಮೀಕ್ಷೆ ನಡೆಯುತ್ತದೆ, ಅದಕ್ಕೆ ಕ್ಷೇತ್ರ ಸಹಾಯಕರು ಬೇಕಾಗುತ್ತಾರೆ. ಆಪ್ಟೋಸ್‌ನ ಕ್ಯಾಬ್ರಿಲೊ ಕಾಲೇಜು ಇಂಥ ತರಬೇತಿಯನ್ನು ಬೆಳೆಸಿದ ಉದಾಹರಣೆ. ಮೇಲೆ ಹೇಳಿದ 18 ಜನರ ತರಗತಿ ಇಂಥ ಸರ್ಟಿಫಿಕೇಟಿಗೂ ಮೆಟ್ಟಿಲಾದರೆ ಅದರ ಬಲ ಇಮ್ಮಡಿಯಾಗುತ್ತದೆ.

ಪಠ್ಯಪುಸ್ತಕದ ವಿಷಯ ಈಗ ಸುಲಭವಾಗಿದೆ. ಕಮ್ಯುನಿಟಿ ಕಾಲೇಜುಗಳ ಮಾನವಶಾಸ್ತ್ರ ಅಧ್ಯಾಪಕರ ಸಂಘವೇ ಮುಂದೆ ನಿಂತು, ಸಾಂಸ್ಕೃತಿಕ ಮಾನವಶಾಸ್ತ್ರಕ್ಕೆ 2017ರಲ್ಲಿ ‘ಪರ್ಸ್ಪೆಕ್ಟಿವ್ಸ್’, ಜೈವಿಕಕ್ಕೆ 2019ರಲ್ಲಿ ‘ಎಕ್ಸ್‌ಪ್ಲೊರೇಷನ್ಸ್’ ಎಂಬ ಉಚಿತ ಪುಸ್ತಕಗಳನ್ನು ಹೊರತಂದಿತು. ಪುಸ್ತಕದ ಖರ್ಚಿಲ್ಲದ ಪದವಿಗಳನ್ನು ರೂಪಿಸಲು ರಾಜ್ಯ 2021ರಲ್ಲಿ 11.5 ಕೋಟಿ ಡಾಲರ್ ತೆಗೆದಿಟ್ಟಿತು.

ಕೊನೆಯದಾಗಿ, ಇದೆಲ್ಲವನ್ನೂ ಬರೆದು ಒಪ್ಪಿಸುವ ಕಡತದ ಹೆಸರು ಪ್ರೋಗ್ರಾಂ ರಿವ್ಯೂ. ಮಾನ್ಯತೆ ಕೊಡುವ ಆಯೋಗ ಇದನ್ನು ಕಡ್ಡಾಯವಾಗಿ ಕೇಳುತ್ತದೆ. ಹೊಸ ಹುದ್ದೆ, ಸಾಮಗ್ರಿ, ಕೋಣೆ ಯಾವುದನ್ನು ಕೇಳಬೇಕಾದರೂ ಅದರ ಮೂಲಕವೇ ಕೇಳಬೇಕು. ಹುದ್ದೆಯ ವಿಷಯದಲ್ಲಿ ಕಾಲದ ಲೆಕ್ಕ ಬಹಳ ಬಿಗಿ. ಸಾಮಾನ್ಯವಾಗಿ ಫಾಲ್‌ನಲ್ಲಿ ಎಲ್ಲ ವಿಭಾಗಗಳ ಕೋರಿಕೆಗಳನ್ನು ಸಮಿತಿ ಶ್ರೇಣೀಕರಿಸುತ್ತದೆ, ಚಳಿಗಾಲದಲ್ಲಿ ಜಾಹೀರಾತು, ವಸಂತದಲ್ಲಿ ಸಂದರ್ಶನ, ಆಗಸ್ಟಿನಲ್ಲಿ ಹೊಸಬರು ಪಾಠ ಶುರು ಮಾಡುತ್ತಾರೆ. ಒಬ್ಬರು ನಿವೃತ್ತರಾದರೆ ಆ ಹುದ್ದೆ ಬಹಳಷ್ಟು ಕಡೆ ವಿಭಾಗಕ್ಕೆ ಮರಳುವುದಿಲ್ಲ, ಕಾಲೇಜಿನ ಒಟ್ಟು ಲೆಕ್ಕಕ್ಕೆ ಸೇರಿ ಮತ್ತೆ ಎಲ್ಲರೊಂದಿಗೆ ಸ್ಪರ್ಧಿಸಬೇಕಾಗುತ್ತದೆ. 2028ರ ಮೇ ತಿಂಗಳಲ್ಲಿ ಹೊರಡುವವರ ಜಾಗಕ್ಕೆ ಆ ಆಗಸ್ಟಿನಲ್ಲಿ ಯಾರಾದರೂ ಬರಬೇಕೆಂದರೆ 2027ರ ಫಾಲ್‌ನ ಕಡತದಲ್ಲಿ ಕೋರಿಕೆ ಇರಬೇಕು. ಒಬ್ಬರೇ ಪೂರ್ಣಾವಧಿಯವರಿರುವ ವಿಭಾಗದಲ್ಲಿ ಅವರು ಹೋದ ಮೇಲೆ ಆ ಕಡತವನ್ನು ಬರೆಯುವವರೇ ಇರುವುದಿಲ್ಲ. ಕೋರ್ಸುಗಳ ರಾಜ್ಯಮಟ್ಟದ ಅನುಮೋದನೆಯನ್ನು ನವೀಕರಿಸುವವರಿಲ್ಲದೆ ಎಎ-ಟಿ ಪದವಿಗೂ ಕುತ್ತು ಬರಬಹುದು. ಆದ್ದರಿಂದ ಹೊರಡುವವರು ತಮ್ಮ ಕೊನೆಯ ವರ್ಷಕ್ಕೆ ಮುಂಚೆಯೇ ಕೋರ್ಸುಗಳ ರೂಪುರೇಷೆಗಳನ್ನು ನವೀಕರಿಸಿ, ಎರಡು ವರ್ಷದ ಸರದಿಯನ್ನೂ ಸಾಮಗ್ರಿಗಳ ಪಟ್ಟಿಯನ್ನೂ ಮೊದಲ ಪುಟದ ಆ ಲೆಕ್ಕವನ್ನೂ ಒಬ್ಬ ಅರೆಕಾಲಿಕ ಸಹೋದ್ಯೋಗಿಗೆ, ಅದಕ್ಕೆ ಸಂಭಾವನೆ ಕೊಡಿಸಿ, ಒಪ್ಪಿಸಿ ಹೋಗಬೇಕು.